ತುಂಗೀ, ಜಡೆಗೆ ಬಾರೇ

ನನ್ನನ್ನು ಈ ಊರಿಗೆ ಕೊಡುವಾಗ ನಮ್ಮಪ್ಪ ಗಂಡಿನ ಹಿಟ್ಟಿನ ಗಿರಣಿ ನೋಡಿದ, ಮನೆಯ ತೊಲೆಗಳನ್ನು ತಟ್ಟಿ ನೋಡಿದ, ಬಾವಿಯ ನೀರನ್ನು ಬೊಗಸೆಯಲ್ಲಿ ಕುಡಿದೂ ನೋಡಿದ. ಹಿತ್ತಿಲ ಬಾಗಿಲು ಮಾತ್ರ ತೆರೆದು ನೋಡಲಿಲ್ಲ. ನೋಡಿದ್ದರೆ ಈ ಸಂಬಂಧವೇ ಬೇಡ ಅನ್ನುತ್ತಿದ್ದನೋ ಏನೋ, ಯಾಕೆಂದರೆ ಮಗಳ ಬಾಯಿ ಎಂಥದ್ದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ನಿದ್ದೆಯಲ್ಲೂ ಮಾತಾಡುತ್ತಿದ್ದೆನಂತೆ. ನಮ್ಮ ಕೇರಿಯಲ್ಲಿ ಯಾರಾದರೂ ವಟವಟ ಅಂದರೆ "ನೀನೇನು ಸಾಕಮ್ಮನ ತಂಗಿಯಾ" ಎಂದು ಕೇಳುವುದು ವಾಡಿಕೆಯಾಗಿತ್ತು. ಅಂಥ ಸಾಕಮ್ಮನನ್ನು ತಂದು, ಬಾಯಿ ಬಿಡಬಾರದ ಒಂದು ಹಿತ್ತಿಲಿಗೆ ಒಡತಿ ಮಾಡಿದರು.

ಈ ಊರಿನ ಗುಬ್ಬಿಗಳ ವಿಷಯ ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಇಲ್ಲಿ ಹಿತ್ತಿಲಲ್ಲಿ ಕಾಳು ತಿನ್ನುವ ಗುಬ್ಬಿಗಳು ಕಾಳು ಎರಚುವವರ ಮಾತನ್ನೇ ಆಡುತ್ತವೆ. ಎರಚುವ ಹೊತ್ತಿನಲ್ಲಿ ಬಾಯಿಂದ ಏನು ಬಂತೋ ಅದು, ಎರಚಿದವರ ಧ್ವನಿಯಲ್ಲೇ, ದಿನವಿಡೀ. ಅದಕ್ಕೆ ಇಲ್ಲಿ ಕರೆ ಎನ್ನುತ್ತಾರೆ. ಒಂದೊಂದು ಮನೆಗೆ ಒಂದೊಂದು ಕರೆ. ಮೇಷ್ಟ್ರ ಮನೆಯ ಗುಬ್ಬಿಗಳು "ಸಾಲಾಗಿ ನಿಲ್ರೋ" ಎನ್ನುತ್ತಿದ್ದವು, ಸಾಲಾಗಿ ಮಾತ್ರ ಒಂದು ದಿನವೂ ನಿಂತವಲ್ಲ. ಜವಳಿ ಅಂಗಡಿಯವರ ಹಿತ್ತಿಲಲ್ಲಿ ಇಡೀ ಹಿಂಡು "ಸಾಕು, ಸಾಕು" ಎಂದು ಕೈಬಿಗಿ ಮಾಡುತ್ತಿತ್ತು. ಮೂಲೆ ಮನೆಯ ಅತ್ತೆಗೆ ದಮ್ಮಿನ ಕಾಯಿಲೆ. ಅವರ ಗುಬ್ಬಿಗಳು ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದವು. ಹೆಣ್ಣು ಕೊಡಲು ಬಂದ ಈ ಊರಿನವರು ಜಾತಕ ಕೇಳುವ ಮೊದಲು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು, ಮನೆಯವರ ಬಾಯಿ ಹೇಗೆ ಅಂತ ತಿಳಿಯಲು. ನಮ್ಮಪ್ಪ ಬೇರೆ ಊರಿನವನು, ಅವನಿಗೇನು ಗೊತ್ತು.

ಕರೆಯುವವರು ತೀರಿಕೊಂಡರೆ ಅದಕ್ಕೂ ಒಂದು ಕ್ರಮವಿತ್ತು. ತಿಥಿ ಕಾರ್ಯವೆಲ್ಲ ಮುಗಿದ ಮೇಲೆ ಮನೆಯ ಇನ್ನೊಬ್ಬರು ಹಿತ್ತಿಲಲ್ಲಿ ನಿಂತು ಕಾಳು ಎರಚಿ ಕರೆಯಬೇಕು. ಕರೆ ಹೊರುವುದು ಎನ್ನುತ್ತಾರೆ. ಎಳೆಯ ಗುಬ್ಬಿಗಳು ಒಂದೇ ಮಾತಿಗೆ ಕಲಿತುಬಿಡುತ್ತವೆ, ಹಳೆಯವು ತಿರುಗಲು ಒಂದಿಷ್ಟು ದಿನ ಹಿಡಿಯುತ್ತದೆ. ಆಮೇಲೆ ಹೋದವರ ಧ್ವನಿ ಇರುವುದಿಲ್ಲ. ಆ ಕೊನೆಯ ದಿನಗಳಲ್ಲಿ ಜನ ಮನೆಕೆಲಸ ಬಿಟ್ಟು ಹಿತ್ತಿಲಲ್ಲಿ ಕೂತು ಕೇಳಿ, ಅತ್ತು, ಎದ್ದು ಅಡುಗೆಗೆ ಹೋಗುತ್ತಿದ್ದರು. ನಮ್ಮ ಪಕ್ಕದ ಮನೆಯ ಚೌಡಜ್ಜಿ ತನ್ನ ಗಂಡನ ಕರೆಯನ್ನು ಹಾಗೆಯೇ ಹೊತ್ತವಳು. ಹೋದವರನ್ನು ಮತ್ತೆ ಮತ್ತೆ ಕೂಗಿಸಿ ದಣಿಸಬಾರದು ಎಂಬುದು ಅವಳ ಮಾತು.

ನನ್ನದು ಎರಡನೇ ಸಂಬಂಧ. ಮೊದಲಿನವಳು ಹೊನ್ನಮ್ಮ, ಜ್ವರದಲ್ಲಿ ಹೋದಳು. ಒಬ್ಬಳು ಮಗಳು, ತುಂಗ. ಈ ಹೊನ್ನಮ್ಮ ಬದುಕಿದ್ದಾಗ ಮಾಡಿಕೊಂಡ ಎಡವಟ್ಟು ಊರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಅವಳು ಮೊರದಲ್ಲಿ ಕಾಳು ಹಿಡಿದು ಹಿತ್ತಿಲಿಗೆ ಬರುವುದೂ, ಮಗಳು ಬಾಚಣಿಗೆ ಕಂಡು ಒಳಗೆಲ್ಲೋ ಅಡಗಿಕೊಳ್ಳುವುದೂ ಒಂದೇ ಹೊತ್ತಿಗೆ. ಆಕೆ ಕಾಳು ಎರಚುತ್ತಾ ಎರಚುತ್ತಾ ಗುಬ್ಬಿಗಳನ್ನು ಕರೆಯುವುದು ಬಿಟ್ಟು ಮಗಳನ್ನು ಕರೆದಳು. ಗುಬ್ಬಿಗಳು ಅದನ್ನೇ ಹಿಡಿದುಕೊಂಡವು. "ತುಂಗೀ, ಜಡೆಗೆ ಬಾರೇ." ಬೀದಿಯ ಹೆಂಗಸರು ಗೋಡೆಯಾಚೆಯಿಂದ, "ಏನು ಹೊನ್ನಮ್ಮ, ನಿನ್ನ ಗುಬ್ಬಿಗಳಿಗೆಲ್ಲ ಜಡೆ ಹಾಕಿ ಮುಗೀತಾ" ಎಂದು ಕೇಳಿ ನಗುತ್ತಿದ್ದರಂತೆ. ಅವಳು ಹೋದ ಮೇಲೆ ಯಾರೂ ಕೇಳಲಿಲ್ಲ.

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದದ್ದೇ ಆ ಕರೆಯಿಂದ. ಹಿತ್ತಿಲಲ್ಲಿ ಯಾರೋ ಹೆಂಗಸು, ಸ್ವಲ್ಪ ಮೂಗಿನಲ್ಲಿ ಮಾತಾಡುವವಳು, "ತುಂಗೀ" ಎಂದು ಕೊನೆಯನ್ನು ಎಳೆದು ಕೂಗುತ್ತಿದ್ದಳು. ಯಾರೋ ಅತ್ತಿಗೆ ನಾದಿನಿ ಇರಬೇಕೆಂದು ಸೆರಗು ಸರಿಮಾಡಿಕೊಂಡು ಹೋದೆ. ನುಗ್ಗೆಮರದ ತುಂಬ ಗುಬ್ಬಿಗಳು. ಒಗೆಯುವ ಕಲ್ಲಿನ ಮೇಲೆ ಒಂದು ಹುಡುಗಿ ತಲೆಗೂದಲು ಬಿಚ್ಚಿಕೊಂಡು ಕೂತಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಎದ್ದು ಬಂದು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿತು.

"ನೀವು ಅಲ್ಲಿ ಮಾತಾಡಬಾರದು. ಅಪ್ಪ ಹೇಳಲಿಲ್ವಾ?"

"ಇಲ್ಲವಲ್ಲ. ಮಾತಾಡಿದರೆ ಏನಾಗ್ತದೆ?"

"ಅಮ್ಮ ಹೋಗಿಬಿಡ್ತಾಳೆ."

ಆಮೇಲೆ ಎಲ್ಲ ತಿಳಿಯಿತು. ಅವಳಪ್ಪ, ಅಂದರೆ ನನ್ನ ಗಂಡ ಮರಿಯಪ್ಪನವರು, ಮೊದಲೇ ಮಾತು ಕಮ್ಮಿ. ಹೆಂಡತಿ ಹೋದ ಮೇಲೆ ಕರೆ ಹೊರಲಿಲ್ಲ, ಸುಮ್ಮನೆ ಕಾಳು ಹಾಕಿ ಗಿರಣಿಗೆ ಹೋಗುತ್ತಿದ್ದರು. ಮತ್ತೆ ಮದುವೆಯ ಮಾತು ಬಂದಾಗ ಹುಡುಗಿ ಹಾಕಿದ ಷರತ್ತು ಒಂದೇ, ಬರುವವಳು ಹಿತ್ತಿಲಲ್ಲಿ ಬಾಯಿ ಬಿಡಬಾರದು. ಮಧ್ಯೆ ಓಡಾಡಿದ ಪುಣ್ಯಾತ್ಮ ಅದನ್ನು ನಮಗೆ ಹೇಳಲಿಲ್ಲ. ಹೇಳದೆ ಹುಡುಕಿ ಹುಡುಕಿ ನನ್ನನ್ನು ತಂದ. ಅವನು ಈಗಲೂ ಬದುಕಿದ್ದರೆ ಅವನ ಜೊತೆ ನನಗೆ ಒಂದು ಮಾತಿದೆ.

ಕಾಳು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತುಂಗಳೇ ಹಾಕಬಹುದಿತ್ತು, ಕೇಳಿದೆ. "ಕಾಳು ಹಾಕ್ತಾ ನಿಂತರೆ ನಾನು ಕರೆಸಿಕೊಳ್ಳೋದು ಯಾವಾಗ" ಅಂದಳು. ಸರಿ, ಗಿರಣಿಯಲ್ಲಿ ಉದುರಿದ ರಾಗಿ, ನವಣೆ, ಅಕ್ಕಿನುಚ್ಚು ಎಲ್ಲ ಗುಡಿಸಿ ತಂದದ್ದನ್ನು ರಾತ್ರಿಯೇ ಕೇರಿ ಕಲ್ಲು ತೆಗೆದು ಇಡುತ್ತಿದ್ದೆ. ಬೆಳಿಗ್ಗೆ ಹಿತ್ತಿಲ ಬಾಗಿಲ ಚಿಲಕ ತೆಗೆಯುವ ಮೊದಲು ಬಾಯಿ ತುಂಬ ನೀರು ಹಿಡಿದುಕೊಳ್ಳುತ್ತಿದ್ದೆ. ಅದು ನಾನೇ ಕಂಡುಕೊಂಡ ಉಪಾಯ. ನೀರಿದ್ದರೆ ಮಾತು ಹೊರಬರುವುದಿಲ್ಲ, ಎಷ್ಟೇ ಕೋಪ ಬರಲಿ. ಬೆಕ್ಕು ಬಂದರೆ ಕಾಲು ನೆಲಕ್ಕೆ ಬಡಿದು ಓಡಿಸುತ್ತಿದ್ದೆ. ಮಣ್ಣಿನ ತಟ್ಟೆಗೆ ನೀರು ತುಂಬಿ, ಕಾಳು ಎರಚಿ, ಒಳಗೆ ಬಂದು ಬಾಯಿಯ ನೀರು ಉಗುಳಿ, ತಡೆದಿಟ್ಟ ಮಾತೆಲ್ಲವನ್ನೂ ಒಲೆಯ ಮುಂದೆ ಆಡಿಕೊಳ್ಳುತ್ತಿದ್ದೆ.

ಚೌಡಜ್ಜಿ ಗೋಡೆಯ ಮೇಲೆ ಗದ್ದ ಇಟ್ಟು ನಿಲ್ಲುತ್ತಿದ್ದಳು. "ಏನವ್ವ ಗಿರಣಿಯವಳೇ, ಇವತ್ತೇನು ಸಾರು?" ನಾನು ಬೆರಳಲ್ಲಿ ಕಾಳು ಸುಲಿದು ತೋರಿಸಬೇಕು, ಅವಳು "ಅವರೆಯಾ? ಹಲಸಂದೆಯಾ?" ಎಂದು ಬೇಕೆಂದೇ ತಪ್ಪು ತಪ್ಪು ಹೇಳಬೇಕು. ನನ್ನನ್ನು ಮಾತಾಡಿಸಿಯೇ ತೀರಬೇಕೆಂಬ ಹಟ ಅವಳಿಗೆ. ಒಂದು ದಿನ ಮಧ್ಯಾಹ್ನ ಮುಂಬಾಗಿಲ ಜಗುಲಿಗೇ ಬಂದು ಕೂತಳು.

"ಕರೆ ಹೊತ್ತುಬಿಡೆ ಹುಡುಗಿ. ನೀನು ಹೀಗೆ ಮೂಗಿ ಥರ ಎಷ್ಟು ದಿನ ಇರ್ತೀಯ?"

"ಹೊತ್ತರೆ ಆ ಮಗು ನನ್ನ ಮುಖ ನೋಡ್ತದಾ ಅಜ್ಜಿ?"

"ಈಗ ನೋಡ್ತಾ ಇದೆಯಾ?"

ಈಗಲೂ ನೋಡುತ್ತಿರಲಿಲ್ಲ ಎನ್ನುವುದೇ ನಿಜ. ತುಂಗ ಕೆಟ್ಟ ಹುಡುಗಿಯಲ್ಲ. ಇಟ್ಟದ್ದು ಉಣ್ಣುತ್ತಿದ್ದಳು, ಹೇಳಿದ್ದು ಕೇಳುತ್ತಿದ್ದಳು, ಮನೆಗೆ ಬಂದ ನೆಂಟರ ಜೊತೆ ಹೇಗಿರುತ್ತಾರೋ ಹಾಗೆ ನನ್ನ ಜೊತೆ ಇದ್ದಳು. ತಲೆ ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಗುಬ್ಬಿಗಳು ಕರೆದಾಗ ಒಗೆಯುವ ಕಲ್ಲಿನ ಮೇಲೆ ಕೂತು ತಾನೇ ಬಾಚಿಕೊಳ್ಳುವಳು. ಬೈತಲೆ ಒಂದು ಕಡೆಗೆ, ಜಡೆ ಒಂದು ಕಡೆಗೆ. ಹಿಂದಿನ ಸಿಕ್ಕು ಕೈಗೆ ಎಟುಕದೆ ಹಾಗೇ ಉಳಿದು ಗಂಟಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಾ ನನ್ನ ಕೈ ತಹತಹಿಸುತ್ತಿತ್ತು. ನನಗೆ ಆಸೆಯಿತ್ತು, ಮುಚ್ಚಿಡುವುದೇನು. ಮಗುವಿನ ತಲೆಗೆ ಎಣ್ಣೆ ಹಚ್ಚುವ ಆಸೆ. ಒಂದು ವಾರ ಬಾಯಲ್ಲಿ ನೀರು ಹಿಡಿಯದೆ ಹಿತ್ತಿಲಿಗೆ ಹೋದರೆ ಸಾಕು, ಹೊನ್ನಮ್ಮ ಹೋಗುತ್ತಾಳೆ, ಹುಡುಗಿ ಅತ್ತು ಅತ್ತು ಕೊನೆಗೆ ಬೇರೆ ದಾರಿಯಿಲ್ಲದೆ ನನ್ನ ಹತ್ತಿರ ಬರುತ್ತಾಳೆ ಎಂದು ಎಷ್ಟೋ ಬೆಳಿಗ್ಗೆ ಅನ್ನಿಸಿದೆ. ಅನ್ನಿಸಿದಾಗಲೆಲ್ಲ ಇನ್ನೊಂದು ಗುಟುಕು ನೀರು ಜಾಸ್ತಿ ಹಿಡಿಯುತ್ತಿದ್ದೆ.

ಮರಿಯಪ್ಪನವರಿಗೆ ಈ ಕಷ್ಟ ಯಾವುದೂ ಇರಲಿಲ್ಲ. ವರ್ಷಗಟ್ಟಲೆ ಗಿರಣಿಯ ಸದ್ದಿನಲ್ಲಿದ್ದು ಅವರ ಕಿವಿ ಮಂದವಾಗಿತ್ತು. ಹತ್ತಿರ ನಿಂತು ಕೂಗಿದರೆ ಕೇಳುತ್ತಿತ್ತು, ಮರದ ಮೇಲಿನ ಗುಬ್ಬಿಯ ಕರೆ ಕೇಳುತ್ತಿರಲಿಲ್ಲ. ಒಂದು ಸಲ ಊಟಕ್ಕೆ ಕೂತಾಗ, ಮಗಳು ಹತ್ತಿರ ಇಲ್ಲದ್ದು ನೋಡಿ, ಅನ್ನ ಕಲಸುತ್ತಾ ನನ್ನನ್ನು ಕೇಳಿದರು.

"ಅವಳ ಧ್ವನಿ ಈಗ ಹೆಂಗೆ ಕೇಳ್ತದೆ?"

ಎರಡನೇ ಹೆಂಡತಿಯನ್ನು ಕೇಳುವ ಪ್ರಶ್ನೆಯಾ ಇದು? ಬೇರೆ ಯಾರಾದರೂ ಆಗಿದ್ದರೆ ತಟ್ಟೆ ಎತ್ತಿಡುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ಅವರ ಮೇಲೆ ಅಯ್ಯೋ ಅನ್ನಿಸಿತು.

"ಚೆನ್ನಾಗಿದೆ. ಸ್ವಲ್ಪ ಮೂಗಿನಲ್ಲಿ," ಎಂದು ಕೂಗಿ ಹೇಳಿದೆ.

"ಹೌದು, ಹೌದು. ನೆಗಡಿ ಬಂದವರ ಥರ," ಎಂದು ಅವರು ತಲೆಯಾಡಿಸಿದರು. ಅವತ್ತು ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಉಂಡರು. ಅದಾದ ಮೇಲೆ ಆಗಾಗ ಕೇಳುವರು, ನಾನು ಆಗಾಗ ಹೇಳುವೆ. ಹೊನ್ನಮ್ಮನ ಮುಖ ನೋಡಿದವಳಲ್ಲ ನಾನು. ಮನೆಯಲ್ಲಿ ಅವಳ ಒಂದು ಪಟವೂ ಇರಲಿಲ್ಲ. ಆದರೂ ದಿನಾ ಕೇಳಿ ಕೇಳಿ, ಅವಳು ನನಗೆ ಚೆನ್ನಾಗಿ ಪರಿಚಯದವಳೇ ಆಗಿಬಿಟ್ಟಿದ್ದಳು.

ಆದರೆ ಗುಬ್ಬಿಯ ಆಯಸ್ಸು ಎಷ್ಟು. ಹೊನ್ನಮ್ಮನ ಕೈಯಲ್ಲಿ ಕಾಳು ತಿಂದವು ಒಂದೊಂದಾಗಿ ಕಡಿಮೆಯಾಗತೊಡಗಿದವು. ಬೆಕ್ಕು ಹಿಡಿದದ್ದು, ಡೇಗೆ ಎತ್ತಿಕೊಂಡು ಹೋದದ್ದು, ಸುಮ್ಮನೆ ಮುದಿಯಾಗಿ ಒಂದು ದಿನ ಬಾರದೇ ಹೋದದ್ದು. ಹೊಸ ಮರಿಗಳು ಹುಟ್ಟುತ್ತಿದ್ದವು, ಗೂಡಿನಿಂದ ಇಳಿದು ಬಂದು ನನ್ನ ಕಾಲಬುಡದಲ್ಲೇ ಕಾಳು ಹೆಕ್ಕುತ್ತಿದ್ದವು. ಅವಕ್ಕೆ ಕಲಿಯಲು ಮಾತೇ ಸಿಗಲಿಲ್ಲ. ತಿಂದು ನನ್ನ ಮುಖ ನೋಡುವವು, ನನ್ನ ಕೆನ್ನೆ ನೀರಿನಿಂದ ಉಬ್ಬಿರುವುದು ನೋಡಿ ಹಾರಿಹೋಗುವವು. ಬೇರೆ ಹಿತ್ತಿಲುಗಳಲ್ಲಿ ಸಂತೆಯ ಗದ್ದಲವಿದ್ದರೆ ನಮ್ಮಲ್ಲಿ ಅಲ್ಲೊಂದು ಇಲ್ಲೊಂದು "ತುಂಗೀ". ಕಲ್ಲಿನ ಮೇಲೆ ಕೂತ ಹುಡುಗಿ ಒಂದು ಕರೆಯಿಂದ ಇನ್ನೊಂದು ಕರೆಯವರೆಗೆ ಕೊರಳೆತ್ತಿ ಕಾಯಬೇಕಾಗಿ ಬಂತು. ಅವಳೂ ಉದ್ದವಾಗಿದ್ದಳು, ಕಾಲು ಕಲ್ಲಿನಿಂದ ನೆಲಕ್ಕೆ ಮುಟ್ಟುತ್ತಿತ್ತು.

ಕೊನೆಗೆ ಒಂದೇ ಗುಬ್ಬಿ ಉಳಿಯಿತು. ಕತ್ತಿನ ಕಪ್ಪು ಬೂದಿಯಾಗಿದ್ದ ಒಂದು ಮುದಿ ಗಂಡು. ಅದಕ್ಕೆ ನಾನು ಅಕ್ಕಿನುಚ್ಚನ್ನು ನೆನೆಸಿ ಬೇರೆಯಾಗಿ ಇಡುತ್ತಿದ್ದೆ, ಮರಿಗಳು ಬಂದು ಅದರ ಪಾಲು ತಿನ್ನದ ಹಾಗೆ ಕಾವಲು ನಿಲ್ಲುತ್ತಿದ್ದೆ. ಸವತಿಯ ಧ್ವನಿಗೆ ಇಷ್ಟು ಉಪಚಾರ ಮಾಡಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅದು ಸತ್ತರೆ ಈ ಹುಡುಗಿ ಏನಾಗುತ್ತಾಳೋ ಎಂಬ ಹೆದರಿಕೆ ನನಗೆ.

ಒಂದು ಬೆಳಿಗ್ಗೆ ನಾನು ನೀರು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ತುಂಗ ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡಳು. ನನ್ನನ್ನು ಒಳಗೇ ಇರಿ ಎಂದು ಸನ್ನೆ ಮಾಡಿ ತಾನು ಹೋದಳು. ಕಿಟಕಿಯಿಂದ ನೋಡಿದೆ. ಕಾಳು ಎರಚಿದಳು, ಎರಚುತ್ತಾ ಕರೆದಳು. "ತುಂಗೀ, ಜಡೆಗೆ ಬಾರೇ." ಮೂಗಿನಲ್ಲಿ, ಕೊನೆಯನ್ನು ಎಳೆದು, ತನ್ನ ತಾಯಿ ಕರೆದ ಹಾಗೆಯೇ. ಮರಿಗಳಿಗೆ ಅಮ್ಮನ ಧ್ವನಿ ಕಲಿಸಿಬಿಡಬೇಕೆಂಬ ಯೋಚನೆ ಅವಳದ್ದು. ಆ ಹುಡುಗಿ ತನ್ನನ್ನು ತಾನೇ ಜಡೆಗೆ ಕರೆದುಕೊಳ್ಳುವುದು ಕೇಳಿ ನನ್ನ ಬಾಯಲ್ಲಿದ್ದ ನೀರು ಗಂಟಲಿಗೆ ಇಳಿಯಿತು. ಒಲೆಯ ಹತ್ತಿರ ಹೋಗಿ ಕೂತು ಅತ್ತೆ.

ಮಾರನೆಯ ದಿನ ಒಂದು ಮರಿ ಬಾಯಿ ಬಿಟ್ಟಿತು. ಅದು ಹೊನ್ನಮ್ಮನ ಧ್ವನಿಯಲ್ಲ. ಗುಬ್ಬಿಗೆ ಯಾರಿಂದಲೂ ಮೋಸ ಮಾಡಲು ಆಗುವುದಿಲ್ಲ. ತುಂಗಳ ಅನುಕರಣೆಯನ್ನೆಲ್ಲ ಬದಿಗಿಟ್ಟು ಅವಳದ್ದೇ ಎಳೆಯ ಧ್ವನಿಯಲ್ಲಿ, "ತುಂಗೀ, ಜಡೆಗೆ ಬಾರೇ" ಎಂದು ನುಗ್ಗೆಮರದ ಮೇಲಿಂದ ಕರೆಯಿತು. ಹುಡುಗಿ ಕಲ್ಲಿನ ಮೇಲೆ ಕೂತು ಅದನ್ನು ತುಂಬ ಹೊತ್ತು ಕೇಳಿದಳು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಕೇಳಿದ್ರಾ?"

"ಕೇಳಿದೆ."

"ಯಾರೂ ಇಲ್ಲದ ಹುಡುಗಿ ಥರ ಕೇಳ್ತದೆ."

ಒಲೆಯ ಉರಿ ಸರಿಮಾಡಿದೆ.

"ಬೀದಿಯವರೆಲ್ಲ ಕೇಳ್ತಾರೆ," ಅಂದಳು. "ಇವಳಿಗೆ ಯಾರೂ ಇಲ್ಲ, ತನ್ನನ್ನ ತಾನೇ ಕರ್ಕೋತಾಳೆ ಅಂತಾರೆ. ಸುಳ್ಳಲ್ವಾ ಅದು? ನೀವಿದ್ದೀರಲ್ಲ."

"ಇದ್ದೀನಿ," ಅಂದೆ.

"ಹಂಗಾದ್ರೆ ಬನ್ನಿ. ನೀವು ಕರೀರಿ."

"ಬೇಡ ಕಣೇ. ಅದೊಂದು ಇನ್ನೂ ಇದೆ. ಅದು ಇರೋವರೆಗಾದ್ರೂ..."

"ಅದು ಯಾವಾಗ ಸಾಯ್ತದೋ ಅಂತ ದಿನಾ ಎದ್ದು ನೋಡಕ್ಕೆ ನಂಗಾಗಲ್ಲ," ಅಂದಳು. "ಬನ್ನಿ."

ಮೊರ ನನ್ನ ಕೈಗೆ ಕೊಟ್ಟು ಹಿತ್ತಿಲ ನಡುವೆ ನಿಲ್ಲಿಸಿದಳು. ಬಾಯಲ್ಲಿ ನೀರಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಹಿತ್ತಿಲಲ್ಲಿ ಆಡದೆ ಉಳಿದ ಮಾತು ಒಂದು ಕಣಜ ತುಂಬುವಷ್ಟಿತ್ತು. ಗೋಡೆಯಾಚೆ ಚೌಡಜ್ಜಿ ಬಂದು ಗದ್ದ ಊರಿದಳು. ಮರಿಗಳೆಲ್ಲ ಇಳಿದು ಬಂದು ಕಾಲ ಸುತ್ತ ಕೂತವು. ಮೊದಲ ಹಿಡಿ ಎರಚಿದೆ. ಏನೆಂದು ಕರೆಯಲಿ? ಎಲ್ಲರ ಹಾಗೆ ಬನ್ನಿ ಬನ್ನಿ ಅನ್ನಲೇ? ಹೊನ್ನಮ್ಮನ ಮಾತನ್ನೇ ಆಡಿದರೆ ಅವಳದ್ದನ್ನು ಕಿತ್ತುಕೊಂಡ ಹಾಗೆ. ಬೇರೆ ಆಡಿದರೆ ಅವಳನ್ನು ಹೊರಗೆ ಹಾಕಿದ ಹಾಗೆ. ನಿದ್ದೆಯಲ್ಲೂ ಮಾತಾಡುವ ನನಗೆ ಒಂದು ಮಾತೂ ಹೊಳೆಯಲಿಲ್ಲ. ಎರಡನೇ ಹಿಡಿ ಎರಚುತ್ತಾ ಗಾಬರಿಯಲ್ಲಿ ಹುಡುಗಿಯ ಕಡೆ ತಿರುಗಿ, "ತುಂಗೀ, ಏನಂತ ಕರೀಲೇ?" ಎಂದು ಕೇಳಿಬಿಟ್ಟೆ.

ಚೌಡಜ್ಜಿ ಹಣೆ ಚಚ್ಚಿಕೊಂಡಳು. ಆದದ್ದು ಆಗಿಹೋಗಿತ್ತು. ಅಷ್ಟು ಕಾಲ ಬರಿಬಾಯಲ್ಲಿದ್ದ ಮರಿಗಳು, ತುಂಗಳ ಧ್ವನಿ ಹಿಡಿದ ಆ ಒಂದೂ ಸೇರಿ, ಅದನ್ನೇ ಕರೆಯೆಂದು ಹಿಡಿದುಕೊಂಡವು. ಈಗಲೂ ನಮ್ಮ ಮನೆಗೆ ದಾರಿ ಕೇಳಿದರೆ "ಏನಂತ ಕರೀಲೇ ಮನೆಯಾ, ಹಿಂಗೇ ಹೋಗಿ" ಎಂದೇ ತೋರಿಸುತ್ತಾರೆ. ತುಂಗಳ ಮಕ್ಕಳು ರಜಕ್ಕೆ ಬಂದರೆ ದಿನವೆಲ್ಲ ಆ ಗುಬ್ಬಿಗಳಿಗೆ ಒಂದೊಂದು ಉತ್ತರ ಕೊಡುವುದೇ ಆಟ. ಮರಿಯಪ್ಪನವರು ಇದ್ದಷ್ಟು ದಿನ, ಊರೆಲ್ಲ ಯಾಕೆ ನಗುತ್ತಾರೆಂದು ಕೇಳಿ ಕೇಳಿ, ನನಗೆ ಕೂಗಿ ಕೂಗಿ ಹೇಳಿ ಸಾಕಾಗಿತ್ತು. ನಗುವ ವಿಷಯವೇ, ನಾನೂ ನಗುತ್ತೇನೆ.

ಮಾರನೆಯ ದಿನ ಮಾತ್ರ ನನಗೆ ನಗು ಬಂದಿರಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಹಿತ್ತಿಲ ತುಂಬ ನನ್ನದೇ ಧ್ವನಿ. ಇಷ್ಟು ಒರಟಾ ನನ್ನ ಗಂಟಲು ಎಂದು ನಾಚಿಕೆಯಾಯಿತು. ನುಗ್ಗೆಮರದಿಂದ, ಗೋಡೆಯಿಂದ, ಬಾವಿಯ ರಾಟೆಯ ಮೇಲಿಂದ ಒಂದೇ ಪ್ರಶ್ನೆ, "ತುಂಗೀ, ಏನಂತ ಕರೀಲೇ? ತುಂಗೀ, ಏನಂತ ಕರೀಲೇ?" ತುಂಗ ಕಲ್ಲಿನ ಮೇಲೆ ಕೂತಿದ್ದಳು, ಕೂದಲು ಬಿಚ್ಚಿ, ಬಾಚಣಿಗೆ ಮಡಿಲಲ್ಲಿ. ನಾನು ಬಾಗಿಲಲ್ಲಿ ನಿಂತಿದ್ದೆ. ಮನೆಯೊಳಗಿಂದ ಒಬ್ಬಳನ್ನು ಓಡಿಸಿಬಿಟ್ಟೆನೇ ಎಂದುಕೊಂಡು ಹೊಸಿಲು ದಾಟಲಿಲ್ಲ.

ಮುದಿ ಗಂಡು ಇನ್ನೂ ತಿರುಗಿರಲಿಲ್ಲ. ಅದು ತಡವಾಗಿ ಬಂದು ನೆನೆಸಿದ ನುಚ್ಚಿನ ಹತ್ತಿರ ಇಳಿಯಿತು, ಎರಡು ಕಾಳು ತಿಂದಿತು. ಸುತ್ತಲೂ ಮರಿಗಳು ಕೇಳುತ್ತಲೇ ಇದ್ದವು. ಅದು ಕೊರಳು ಎತ್ತಿ, ಮೂಗಿನಲ್ಲಿ, ಕೊನೆಯನ್ನು ಎಳೆದು ಅಂದಿತು.

"ತುಂಗೀ, ಜಡೆಗೆ ಬಾರೇ."

ಹುಡುಗಿ ನನ್ನ ಕಡೆ ನೋಡಿದಳು. ಕಲ್ಲಿನಿಂದ ಎದ್ದು ಬಂದು, ಬಾಚಣಿಗೆ ನನ್ನ ಕೈಗಿಟ್ಟು, ಹೊಸಿಲ ಕೆಳಗಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕೂತಳು. ನಾನೂ ಕೂತೆ. ಹಿಂದಿನ ಸಿಕ್ಕು ಕಲ್ಲಿನ ಹಾಗೆ ಬಿಗಿದಿತ್ತು. ಎಣ್ಣೆ ಹಚ್ಚಿ ಬೆರಳಲ್ಲಿ ಬಿಡಿಸಿದೆ, ಬಿಡದಿದ್ದಲ್ಲಿ ಬಾಚಣಿಗೆ ಹಾಕಿದೆ. ಅವಳ ತಲೆ ಹಿಂದಕ್ಕೆ ಬಂತು.

"ನೋಯ್ತದಾ?" ಎಂದು ಕೇಳಿದೆ.

"ಹ್ಞೂಂ," ಅಂದಳು. "ಎಳಿ."